ಅರ್ಧ ಇಂಚಿನ ಬಿರುಕು

ಹನ್ನೊಂದು ವರ್ಷದಲ್ಲಿ ನನ್ನ ಕೈಯಿಂದ ಒಂದೇ ಒಂದು ಒಳ್ಳೆಯ ಶಾಟ್ ಬಂತು. ಅದಕ್ಕೆ ನಗರಸಭೆಯವರು ನೋಟಿಸ್ ಕೊಟ್ಟರು.

ಇದು ಬಡಾಯಿ ಅಲ್ಲ, ದೂರು. ನಾನು ಕ್ಯಾಮರಾ ಹಿಡಿದದ್ದು ಸಿನಿಮಾದ ಹುಚ್ಚಿನಿಂದ. ಏಳು ಸಿನಿಮಾಗಳಲ್ಲಿ ಸಹಾಯಕನಾಗಿ ಲೆನ್ಸ್ ಒರೆಸಿದೆ. ಎರಡಕ್ಕೆ ಸ್ವತಂತ್ರವಾಗಿ ಛಾಯಾಗ್ರಹಣ ಮಾಡಿದೆ. ಮೊದಲನೆಯದು ಬಿಡುಗಡೆಯಾಗಲೇ ಇಲ್ಲ. ಎರಡನೆಯದು ಬಿಡುಗಡೆಯಾದ ಏಕೈಕ ಥಿಯೇಟರಿನಲ್ಲಿ ಪ್ರೊಜೆಕ್ಟರಿನ ದೀಪಕ್ಕೆ ವಯಸ್ಸಾಗಿತ್ತು. ಮಟಮಟ ಮಧ್ಯಾಹ್ನದ ದೃಶ್ಯಗಳನ್ನೂ ಜನ ರಾತ್ರಿಯೆಂದೇ ತಿಳಿದು, ನಾಯಕ ಯಾಕಪ್ಪಾ ಈ ಹೊತ್ತಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡಿದ್ದಾನೆ ಎಂದು ತಲೆ ಕೆಡಿಸಿಕೊಂಡು ಹೊರಬಂದರು. ಅಲ್ಲಿಂದ ನಾನು ನೇರವಾಗಿ ಬಿದ್ದದ್ದು ಟೀವಿ ಧಾರಾವಾಹಿಗೆ.

ನಮ್ಮ ನಿರ್ಮಾಪಕರ ಕಲಾಸಿದ್ಧಾಂತ ಒಂದೇ ಸಾಲಿನದು. “ಕತ್ತಲೆ ನೋಡೋಕೆ ಜನ ಟೀವಿ ಯಾಕ್ರೀ ಹಾಕ್ಬೇಕು? ಆರಿಸಿದ್ರೆ ಸಾಕಲ್ಲ!” ಆದ್ದರಿಂದ ನಮ್ಮಲ್ಲಿ ಯಾರ ಮುಖದ ಮೇಲೂ ನೆರಳು ಬೀಳುವ ಹಾಗಿಲ್ಲ. ನಾಯಕಿ ಅಳಲಿ, ನಾಯಕ ಮೂರ್ಛೆ ಹೋಗಲಿ, ಕಳ್ಳ ಕಿಟಕಿಯಿಂದ ಇಳಿಯಲಿ, ಎಲ್ಲರೂ ಆಪರೇಷನ್ ಥಿಯೇಟರಿನಲ್ಲಿ ನಿಂತ ಹಾಗೆ ಬೆಳ್ಳಗೆ ಹೊಳೆಯಬೇಕು. ಹನ್ನೊಂದು ವರ್ಷ ಹೀಗೆ ಬೆಳಗಿಸಿ ಬೆಳಗಿಸಿ, ಕೊನೆಗೆ ನನ್ನ ಬುದ್ಧಿಯೂ ಚಪ್ಪಟೆಯಾಗಿತ್ತು.

ಅಷ್ಟರಲ್ಲಿ ಹೊಸ ಧಾರಾವಾಹಿ ಬಂತು. ಮೂವರು ಅಣ್ಣತಮ್ಮಂದಿರು ಜಗಳವಾಡಿದಷ್ಟೂ ಅಪ್ಪ ಕಟ್ಟಿಸಿದ ಮನೆಯ ಗೋಡೆ ಬಿರಿಯುತ್ತಾ ಹೋಗುತ್ತದೆ. ಶೀರ್ಷಿಕೆ ಗೀತೆಯ ಉದ್ದಕ್ಕೂ ಆ ಬಿರುಕೇ. “ಅಂಥ ಗೋಡೆ ಎಲ್ಲಿಂದ ತರೋಣ?” ಎಂದು ನಿರ್ಮಾಪಕರು ತಲೆ ಕೆರೆದುಕೊಂಡಾಗ ನಾನು ಬಾಯಿ ಮುಚ್ಚಿಕೊಂಡಿರಬಹುದಿತ್ತು.

“ನಮ್ಮ ಮಾವನ ಮನೆ ಇದೆಯಲ್ಲ ಸಾರ್,” ಎಂದೆ. “ಗೋಡೆ ಮೇಲೆ ಒಂದು ಗೆರೆ ಎಳೆದು ಕೊಡಿ ಸಾಕು. ಆಳ ನಾನು ಬೆಳಕಲ್ಲಿ ತೆಗೀತೀನಿ.”

ಆ ಒಂದು ಮಾತು ನನ್ನನ್ನು ಮುಳುಗಿಸಿತು.

ಮಾವ ಮೂವತ್ತು ವರ್ಷ ಗುಮಾಸ್ತಗಿರಿ ಮಾಡಿ ಕಟ್ಟಿಸಿದ ಎರಡು ಅಂತಸ್ತಿನ ಮನೆ ಅದು. ಕೆಳಗೆ ಮಾವ, ಅತ್ತೆ. ಮೇಲೆ ನಾನು, ನನ್ನ ಹೆಂಡತಿ. ಅದನ್ನು ಬಿಟ್ಟರೆ ನಾಲ್ವರಿಗೂ ತಲೆಯ ಮೇಲೆ ಬೇರೆ ಸೂರಿಲ್ಲ. ಕಲಾ ನಿರ್ದೇಶಕ ಬಂದು ಮುಂದಿನ ಗೋಡೆಯ ಮೇಲೆ ಪ್ಲಾಸ್ಟರು, ಮರದ ಹೊಟ್ಟು, ಗೋಂದು ಕಲಸಿ ಎರಡು ದಂಡೆ ಎಬ್ಬಿಸಿ, ನಡುವೆ ಕಪ್ಪು ಬಳಿದು ಹೋದ. ಎತ್ತರ ಎಂಟು ಅಡಿ, ಆಳ ಅರ್ಧ ಇಂಚು. ಎದುರಿನಿಂದ ನೋಡಿದರೆ ಯಾರೋ ಇದ್ದಿಲಿನಲ್ಲಿ ಗೀಚಿದ ಹಾಗಿತ್ತು. ನಾನು ಒಂದು ದೀಪವನ್ನು ಗೋಡೆಗೆ ಒತ್ತಿಕೊಂಡ ಹಾಗೆ ಪಕ್ಕದಲ್ಲಿಟ್ಟೆ. ಬೆಳಕು ಗೋಡೆಯನ್ನು ಸವರಿಕೊಂಡು ಹೋಯಿತು, ದಂಡೆಗಳ ನೆರಳು ಒಳಕ್ಕೆ ಬಿತ್ತು. ಕ್ಯಾಮರಾದಲ್ಲಿ ನೋಡಿದರೆ ಕೈ ಹಾಕಿದರೆ ಮೊಣಕೈವರೆಗೆ ಹೋಗುವಂಥ ಬಿರುಕು! ನನಗೆ ಕಣ್ಣು ತುಂಬಿ ಬಂತು. ನಿರ್ಮಾಪಕರು ಕೂಡ, “ಗೋಡೆ ತಾನೇ, ಮುಖ ಅಲ್ವಲ್ಲ, ಇರ್ಲಿ ಬಿಡಿ ನೆರಳು,” ಎಂದು ಉದಾರವಾಗಿ ಒಪ್ಪಿದರು.

ಮೊದಲ ಕಂತು ಪ್ರಸಾರವಾದ ಸಂಜೆ ಎಲ್ಲರೂ ಕೆಳಗಿನ ಮನೆಯಲ್ಲಿ ಕೂತು ನೋಡಿದೆವು. ಬಿರುಕು ಪರದೆ ತುಂಬ ಬಂದದ್ದೇ ತಡ, ಅತ್ತೆ ಚೀರಿ ಎದ್ದು, ಟಾರ್ಚ್ ಹಿಡಿದು ಹೊರಗೆ ಓಡಿದರು. ಗೋಡೆಯನ್ನು ಮೇಲಿಂದ ಕೆಳಗೆ ನೋಡಿ, ಮತ್ತೆ ಬಂದು ಕೂತು, ಗಂಡನಿಗೆ ವರದಿ ಒಪ್ಪಿಸಿದರು.

“ಹೊರಗಡೆ ಪರವಾಗಿಲ್ಲ. ಟೀವೀಲಿ ಜಾಸ್ತಿ ಆಗಿದೆ.”

“ಅತ್ತೆ, ಅದು ನಾನು ತೆಗೆದಿರೋ ಶಾಟು,” ಎಂದೆ.

“ನೀವು ತೆಗೆದಿದ್ದೇನೋ ಸರಿ ಅಳಿಯಂದ್ರೆ. ಈಗ ಮುಚ್ಚೋರು ಯಾರು?”

ಮರುದಿನದಿಂದ ಬೀದಿಯ ನಡವಳಿಕೆ ಬದಲಾಯಿತು. ಪೇಪರಿನವನು ಗೇಟಿನ ಹತ್ತಿರ ಬರದೆ ರಸ್ತೆಯ ಆ ಬದಿಯಿಂದಲೇ ಪೇಪರ್ ಎಸೆದ. ಬಟ್ಟೆ ಇಸ್ತ್ರಿ ಮಾಡುವವನು, “ಅಮ್ಮಾ, ನೀವೇ ಹೊರಗೆ ಬಂದು ಇಸ್ಕೊಳ್ಳಿ, ನಂಗೆ ಸಂಸಾರ ಇದೆ,” ಎಂದ. ಹೆಂಡತಿಯ ಅಕ್ಕ ಫೋನ್ ಮಾಡಿ, “ಅಪ್ಪ ಅಮ್ಮನ್ನ ಕರ್ಕೊಂಡು ನಮ್ಮನೆಗೇ ಬಂದ್ಬಿಡಿ. ಎಷ್ಟು ದಿನ ಬೇಕಾದ್ರೂ ಇರಿ, ಭಾನುವಾರದವರೆಗೆ,” ಎಂದರು. ನಾನು ಒಬ್ಬೊಬ್ಬರಿಗೂ ಅದು ಬೆಳಕಿನ ಕೆಲಸ ಎಂದು ಬಿಡಿಸಿ ಹೇಳಿದೆ. ಎಲ್ಲರೂ ಕಾಯಿಲೆಯವರ ಮಾತು ಕೇಳುವ ಹಾಗೆ ಕೇಳಿ, ಗೋಡೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ಹೋದರು.

ಎದುರು ಮನೆಯಲ್ಲಿ ನಿವೃತ್ತ ಎಂಜಿನಿಯರ್ ಇದ್ದಾರೆ. ನಿವೃತ್ತಿಯಾದ ಮೇಲೆ ಅವರಿಗೆ ತಪ್ಪು ಕಂಡುಹಿಡಿಯಲು ಸೇತುವೆಗಳು ಸಿಗುತ್ತಿರಲಿಲ್ಲ. ಹೀಗಾಗಿ ಪಾಪ, ಸೊರಗಿಹೋಗಿದ್ದರು. ಧಾರಾವಾಹಿ ನೋಡಿದವರೇ ಹತ್ತು ವರ್ಷ ಚಿಕ್ಕವರಾಗಿ ಟೇಪು ಹಿಡಿದು ಬಂದರು. ಅಳೆದರು, ಕೆಮ್ಮಿದರು, ಗೋಡೆಗೆ ಕಿವಿ ಕೊಟ್ಟರು.

“ಅರ್ಧ ಇಂಚು ಸಾರ್, ಬರೀ ಗೋಂದು,” ಎಂದೆ.

“ಮೇಲ್ಗಡೆ ಅರ್ಧ ಇಂಚು. ಒಳಗಡೆ ಎಷ್ಟಿದೆ ಅಂತ ನಾನು ನಿನ್ನೆ ನೋಡಿದೀನಿ. ಅದೂ ದೊಡ್ಡ ಟೀವೀಲಿ.”

ಅವರು ಮನೆಗೆ ಹೋಗಿ ನಾಲ್ಕು ಪುಟದ ದೂರು ಬರೆದರು. ಜೊತೆಗೆ ಒಂದು ನಕ್ಷೆ. ಗೋಡೆ ಬಿದ್ದರೆ ಯಾವ ಕೋನದಲ್ಲಿ ಬೀಳುತ್ತದೆ, ಮುಂದಕ್ಕೆ ಇಪ್ಪತ್ತೆರಡು ಅಡಿಯವರೆಗೆ ಇಟ್ಟಿಗೆ ಹೇಗೆ ಉರುಳುತ್ತದೆ ಎಂದು ಬಾಣದ ಗುರುತು ಹಾಕಿ ತೋರಿಸಿದ್ದರು. ಬಹಳ ಮುದ್ದಾದ ನಕ್ಷೆ.

ಮೂರನೆಯ ದಿನ ಬೆಳಿಗ್ಗೆ ನಗರಸಭೆಯ ಕಟ್ಟಡ ಇನ್ಸ್‌ಪೆಕ್ಟರ್ ಬಂದರು. ಮೋಡ ಕವಿದಿತ್ತು, ಆ ಮಬ್ಬು ಬೆಳಕಿನಲ್ಲಿ ಬಿರುಕು ಸುಮ್ಮನೆ ಗೆರೆಯಾಗಿತ್ತು. ಅವರು ಬೆರಳಿಟ್ಟು ನೋಡಿದರು. ಆಮೇಲೆ ಜೇಬಿನಿಂದ ಫೋನ್ ತೆಗೆದು ನಮ್ಮದೇ ಕಂತನ್ನು ಹಚ್ಚಿ, ಗೋಡೆಯ ಪಕ್ಕ ಹಿಡಿದು ಹೋಲಿಸಿದರು.

“ಒಳಗೆ ತುಂಬಿಸಿಬಿಟ್ಟಿದೀರಿ.”

“ಇಲ್ಲ ಸಾರ್. ಅದು ಮೊದಲಿಂದ್ಲೂ ಇಷ್ಟೇ. ಟೀವೀಲಿ ಹಾಗೆ ಕಾಣೋದು.”

“ಗೋಡೆಗೆ ಬಣ್ಣ ಬಳಿದು ಸುಳ್ಳು ಹೇಳಿಸ್ಬೋದು ಕಣ್ರೀ. ಟೀವಿ ಯಾಕೆ ಸುಳ್ಳು ಹೇಳುತ್ತೆ?”

“ಆ ಆಳ ನಾನೇ ಮಾಡಿದ್ದು ಸಾರ್!”

ಇನ್ಸ್‌ಪೆಕ್ಟರ್ ಪುಸ್ತಕ ತೆಗೆದು ಬರೆದುಕೊಂಡರು. ತಲೆಕೆಳಗಾಗಿ ಓದಿದೆ: ‘ಬಿರುಕನ್ನು ತಾವೇ ಉಂಟುಮಾಡಿದ್ದಾಗಿ ನಿವಾಸಿ ಒಪ್ಪಿಕೊಂಡಿರುತ್ತಾರೆ.’

ಒಳಗಿನಿಂದ ನನ್ನ ಹೆಂಡತಿ ಕಣ್ಣಲ್ಲೇ ಸಾಕು ಸಾಕು ಎನ್ನುತ್ತಿದ್ದಳು. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಬಾರಿ ಒಬ್ಬ ಮನುಷ್ಯ ನನ್ನ ಕೆಲಸವನ್ನು ಇಷ್ಟು ಗಮನವಿಟ್ಟು ನೋಡಿದ್ದ. ನನಗೆ ತಡೆಯಲಾಗಲಿಲ್ಲ. “ಒಂದು ನಿಮಿಷ ಸಾರ್, ತೋರಿಸಿಬಿಡ್ತೀನಿ,” ಎಂದು ಗೇಟಿನ ಹೊರಗಿದ್ದ ಶೂಟಿಂಗ್ ವ್ಯಾನಿನಿಂದ ದೀಪ ತಂದು, ಗೋಡೆಯ ಪಕ್ಕಕ್ಕಿಟ್ಟು, ಸ್ವಿಚ್ ಹಾಕಿದೆ.

ಬಿರುಕು ಬಾಯಿ ತೆರೆಯಿತು. ಇನ್ಸ್‌ಪೆಕ್ಟರ್ ಗೇಟಿನವರೆಗೆ ಹಾರಿದರು.

“ಅಯ್ಯಯ್ಯೋ! ಲೈಟ್ ಹಾಕಿದ್ರೇನೇ ಕಾಣೋ ಬಿರುಕಾ ಇದು? ಹಾಗಾದ್ರೆ ಬರಿಗಣ್ಣಿಗೆ ಕಾಣದೇ ಇರೋದು ಇನ್ನೆಷ್ಟಿದೆಯೋ!”

ನೋಟಿಸ್ ಅಲ್ಲೇ ಹುಟ್ಟಿತು. ಏಳು ದಿನದೊಳಗೆ ಗೋಡೆ ಭದ್ರವಾಗಿದೆಯೆಂದು ಅಧಿಕಾರಿಗಳಿಗೆ ತೋರಿಸದಿದ್ದರೆ ಮನೆಗೆ ಸೀಲು. ಆಮೇಲೆ ಕೆಡವುವ ಬಗ್ಗೆ ತೀರ್ಮಾನ. ಮಾವ ನೋಟಿಸನ್ನು ಮೂರು ಸಲ ಓದಿ, ಕನ್ನಡಕ ತೆಗೆದು, ನನ್ನ ಕಡೆ ನೋಡದೆ ಗೋಡೆಗೆ ಹೇಳಿದರು. “ಮಗಳನ್ನ ಕೊಟ್ಟೆ. ಮೇಲಿನ ಮನೆ ಕೊಟ್ಟೆ. ಗೋಡೆ ಒಂದು ನನಗೇಂತ ಇಟ್ಕೊಂಡಿದ್ದೆ.”

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಆದರೆ ಹಾಗೆ ಬಿರಿದಿದ್ದರೆ ಇನ್ಸ್‌ಪೆಕ್ಟರ್ ನೆಲಕ್ಕೂ ಒಂದು ನೋಟಿಸ್ ಕೊಡುತ್ತಿದ್ದರು.

ಪರಿಹಾರ ಸುಲಭ, ಪ್ಲಾಸ್ಟರನ್ನು ಕೆರೆದು ಹಾಕಿದರಾಯಿತು ಎಂದು ನೀವು ಹೇಳುತ್ತೀರಿ. ಹೆಂಡತಿಯೂ ಅದನ್ನೇ ಹೇಳಿ, ಅಡುಗೆಮನೆಯಿಂದ ಮಗುಚುವ ಕೈ ಹಿಡಿದುಕೊಂಡೇ ಬಂದಳು. ನಾನು ನಿರ್ಮಾಪಕರಿಗೆ ಫೋನ್ ಮಾಡಿದೆ.

“ಕೆರೀತೀರಾ?” ಎಂದು ಅವರು ಕಿರುಚಿದ್ದು ಅತ್ತೆಗೂ ಕೇಳಿಸಿತು. “ಇನ್ನು ನೂರಾ ನಲವತ್ತು ಕಂತು ಆ ಬಿರುಕಿನ ಮೇಲೆ ನಿಂತಿದೆ! ಹೀರೋ ಇಲ್ದಿದ್ರೂ ನಡೆಯುತ್ತೆ, ಅವನನ್ನ ಫಾರಿನ್‌ಗೆ ಕಳಿಸ್ಬೋದು. ಬಿರುಕನ್ನ ಎಲ್ಲಿಗೆ ಕಳಿಸ್ಲಿ? ಅದು ಹೋದ ದಿನ ನೀವೂ ಹೋಗಿ!”

ಅಂದರೆ, ಬಿರುಕು ಉಳಿದರೆ ಮನೆ ಇಲ್ಲ. ಬಿರುಕು ಹೋದರೆ ಕೆಲಸ ಇಲ್ಲ. ಹೆಂಡತಿ ಮಗುಚುವ ಕೈಯನ್ನು ಮೇಜಿನ ಮೇಲೆ ಕುಕ್ಕಿದಳು.

“ಹನ್ನೊಂದು ವರ್ಷ ಚಪ್ಪಟೆಯಾಗೇ ತೆಗೆದ್ರಿ, ನೆಮ್ಮದಿಯಾಗಿದ್ವಿ. ಈಗ ಏನು ಬಂದಿತ್ತು ರೀ ನಿಮಗೆ, ಚೆನ್ನಾಗಿ ತೆಗೆಯೋ ಅಂಥದ್ದು?”

ಈ ವಿಮರ್ಶೆಯನ್ನು ಸ್ವೀಕರಿಸಿ ನಾನು ಒಂದು ಉಪಾಯ ಮಾಡಿ ಗೋಡೆಗೆ ನೀಲಿ ಟಾರ್ಪಾಲು ಇಳಿಬಿಟ್ಟೆ. ಕಣ್ಣಿಗೆ ಬೀಳದಿದ್ದರೆ ಮರೆತಾರು ಎಂದುಕೊಂಡೆ. ಎಂಜಿನಿಯರ್ ಅರ್ಧ ಗಂಟೆಯಲ್ಲಿ ನಗರಸಭೆಗೆ ಫೋನ್ ಮಾಡಿದರು. ಇನ್ಸ್‌ಪೆಕ್ಟರ್ ಮಧ್ಯಾಹ್ನದೊಳಗೆ ಬಂದರು. ‘ಸಾಕ್ಷ್ಯ ಮುಚ್ಚಿಡಲು ಯತ್ನ’ ಎಂದು ನೋಟಿಸಿಗೆ ಒಂದು ಸಾಲು ಸೇರಿತು. ಇನ್ನು ಮುಂದೆ ಗೋಡೆಗೆ ಬಟ್ಟೆ ಮುಟ್ಟಿಸಬಾರದು, ಬಣ್ಣ ಬಳಿಯಬಾರದು, ತಪಾಸಣೆ ಬಯಲು ಬಿಸಿಲಿನಲ್ಲೇ ನಡೆಯಬೇಕು.

ಹೊರಡುವಾಗ ಅವರು ಎಂಜಿನಿಯರ್ ಕೊಟ್ಟ ನಕ್ಷೆ ಬಿಡಿಸಿ, ರಸ್ತೆಯನ್ನು ಹೆಜ್ಜೆಯಿಂದ ಅಳೆದರು. ರಸ್ತೆ ಹದಿನೈದು ಅಡಿ. ಇಟ್ಟಿಗೆ ಉರುಳುವುದು ಇಪ್ಪತ್ತೆರಡು ಅಡಿ.

“ಸಾರ್, ನಿಮ್ಮ ಲೆಕ್ಕದ ಪ್ರಕಾರ ಗೋಡೆ ನಿಮ್ಮ ಹಾಲ್‌ವರೆಗೂ ಬರುತ್ತೆ,” ಎಂದು ಎಂಜಿನಿಯರರ ಕೈಗೂ ಒಂದು ನೋಟಿಸ್ ಕೊಟ್ಟರು. “ನೀವೂ ಖಾಲಿ ಮಾಡ್ಬೇಕಾಗುತ್ತೆ.”

“ಅದು… ಅದು ಸೈದ್ಧಾಂತಿಕವಾಗಿ ಹಾಕಿದ್ದು!” ಎಂದರು ಎಂಜಿನಿಯರ್.

“ಬಾಣದ ಗುರುತು ಹಾಕಿದೀರಲ್ಲ ಸಾರ್.”

ಆ ಸಂಜೆ ಎಂಜಿನಿಯರ್ ನಮ್ಮ ಮನೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. “ಆ ಬಿರುಕು ಸುಳ್ಳು ಅಂತ ನನಗೆ ಮೊದಲೇ ಗೊತ್ತಿತ್ತು,” ಎಂದರು. ಅತ್ತೆ ಅವರಿಗೆ ಚಹಾ ಕೊಡಲಿಲ್ಲ.

ನಾನು ನಗರಸಭೆ ಕಚೇರಿಗೆ ಹೋಗಿ, ಕೊನೆಯ ತಪಾಸಣೆಯನ್ನು ದಯವಿಟ್ಟು ಬೆಳಿಗ್ಗೆ ಮೋಡವಿರುವ ಹೊತ್ತಿನಲ್ಲಿ ಇಟ್ಟುಕೊಳ್ಳಿ ಎಂದು ಅರ್ಜಿ ಕೊಟ್ಟೆ. ಗುಮಾಸ್ತ ಅದನ್ನು ಪಕ್ಕದವನಿಗೆ ಓದಿ ಹೇಳಿ ನಕ್ಕ. “ಯಾಕೆ ಸಾರ್, ಅಷ್ಟರಲ್ಲಿ ಗೋಡೆಗೆ ಮೇಕಪ್ ಆಗ್ಬೇಕಾ? ದೊಡ್ಡ ಸಾಹೇಬ್ರೇ ಬರ್ತಾರೆ. ಸಂಜೆ ಐದಕ್ಕೆ.”

ಸಂಜೆ ಐದು! ಆ ಹೊತ್ತಿಗೆ ಸೂರ್ಯ ಬೀದಿಯ ತುದಿಗೆ ಇಳಿದು, ನಮ್ಮ ಗೋಡೆಯನ್ನು ಪಕ್ಕದಿಂದ ಸವರುತ್ತಾನೆ. ನಾನು ದೀಪವಿಟ್ಟಿದ್ದ ಜಾಗದಲ್ಲೇ ಸರಿಯಾಗಿ ಬಂದು ನಿಲ್ಲುತ್ತಾನೆ. ಎಂಟು ಅಡಿ ಬಿರುಕು ಊರಿಗೆಲ್ಲ ಕಾಣುವ ಹಾಗೆ ಬಾಯಿ ಬಿಡುತ್ತದೆ. ಮುಚ್ಚುವಂತಿಲ್ಲ, ಕೆರೆಯುವಂತಿಲ್ಲ, ಸೂರ್ಯನನ್ನು ಆರಿಸುವಂತಿಲ್ಲ.

ಆಗ ನನಗೆ ಹೊಳೆಯಿತು. ನೆರಳನ್ನು ಕೊಲ್ಲುವುದು ಹೇಗೆಂದು ನನ್ನಷ್ಟು ಚೆನ್ನಾಗಿ ಈ ಊರಿನಲ್ಲಿ ಬಲ್ಲವರು ಯಾರು? ಹನ್ನೊಂದು ವರ್ಷ ನಾನು ಮಾಡಿದ್ದೇ ಅದಲ್ಲವೇ? ಸೂರ್ಯನ ಎದುರಿಗೆ ಬಿಳಿಯದೇನಾದರೂ ಹಿಡಿದು, ಬಿಸಿಲನ್ನು ವಾಪಸ್ಸು ಗೋಡೆಗೆ ಎರಚಿದರೆ ಬಿರುಕಿನ ಒಳಗೆ ನೆರಳೇ ಉಳಿಯುವುದಿಲ್ಲ. ನಮ್ಮ ನಾಯಕಿಯ ಕೆನ್ನೆಯ ಹಾಗೆ ನಯವಾಗಿ ಕಾಣುತ್ತದೆ.

ಎರಡು ದಿನ ರಿಹರ್ಸಲ್ ನಡೆಸಿದೆ. ಬೀದಿಯಲ್ಲಿದ್ದ ಬಿಳಿ ಹಾಸುಬಟ್ಟೆಗಳೆಲ್ಲ ಹೊರಗೆ ಬಂದವು. ರಸ್ತೆಯಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಮೊದಲ ಗುರುತಿನಲ್ಲಿ ಮಾವ, ಎರಡನೆಯದರಲ್ಲಿ ಅತ್ತೆ, ಮೂರನೆಯದರಲ್ಲಿ ಎಂಜಿನಿಯರ್ ಮತ್ತು ಅವರ ಹೆಂಡತಿ ಒಂದು ಡಬಲ್ ಬೆಡ್‌ಶೀಟ್ ಹಿಡಿದು. ತುದಿಯಲ್ಲಿ ಇಸ್ತ್ರಿಯವನು, ಥರ್ಮಾಕೋಲ್ ಹಲಗೆಯೊಂದಿಗೆ. ನನ್ನ ಹೆಂಡತಿ ಸಹಾಯಕ ನಿರ್ದೇಶಕಿ. ಅವಳು ಎಲ್ಲರನ್ನೂ ಗದರಿಸುತ್ತಿದ್ದ ರೀತಿ ನೋಡಿ, ಇಷ್ಟು ವರ್ಷ ಇವಳನ್ನು ಸೆಟ್ಟಿಗೆ ಕರೆದೊಯ್ಯದೆ ನಾನು ತಪ್ಪು ಮಾಡಿದೆ ಎಂದುಕೊಂಡೆ.

ಏಳನೆಯ ದಿನ ಐದಕ್ಕೆ ಬರಬೇಕಾದವರು ಐದೂಮುಕ್ಕಾಲಿಗೆ ಬಂದರು. ಸೂರ್ಯ ಇನ್ನಷ್ಟು ಕೆಳಗಿಳಿದಿದ್ದ. ಜೀಪಿನ ಸದ್ದು ಕೇಳಿದ್ದೇ ತಡ ನಾನು, “ಎಲ್ಲರೂ ಎರಡು ಹೆಜ್ಜೆ ಎಡಕ್ಕೆ! ಬಟ್ಟೆ ಸ್ವಲ್ಪ ಬಗ್ಗಿಸಿ! ಆಕ್ಷನ್!” ಎಂದೆ. ಬೆಳಕು ಗೋಡೆಗೆ ಬಡಿಯಿತು. ಬಿರುಕು ಮಾಯವಾಯಿತು.

ದೊಡ್ಡ ಸಾಹೇಬರು ಇಳಿದು, ರಸ್ತೆಯ ಉದ್ದಕ್ಕೂ ಹಾಸುಬಟ್ಟೆ ಎತ್ತಿ ಹಿಡಿದು ನಿಂತ ಹಿರಿಯರನ್ನು ನೋಡಿದರು.

“ಇದೇನಮ್ಮಾ?”

“ಹೊಸ ಬೆಡ್‌ಶೀಟು,” ಎಂದರು ಅತ್ತೆ. “ಬಿಸಿಲು ತೋರಿಸ್ತಿದೀವಿ.”

“ಹಗ್ಗ ಇಲ್ವಾ?”

“ಹಗ್ಗದ ಗುರುತು ಬೀಳುತ್ತೆ.”

ಅಧಿಕಾರಿಗಳಿಗೆ ಇಂಥ ಉತ್ತರಗಳು ಅಭ್ಯಾಸವಿರಬೇಕು. ಅವರು ಗೋಡೆಯ ಕಡೆ ತಿರುಗಿದರು. ಇನ್ಸ್‌ಪೆಕ್ಟರ್ ಕಣ್ಣು ಉಜ್ಜಿಕೊಂಡರು. ಫೋನಿನಲ್ಲಿ ಕಂತು ಹಚ್ಚಿದರು, ಗೋಡೆ ನೋಡಿದರು, ಮತ್ತೆ ಕಂತು ನೋಡಿದರು.

“ಸಾರ್, ಏಳು ದಿನದ ಹಿಂದೆ ಇಲ್ಲಿ ಕಂದರ ಇತ್ತು ಸಾರ್!”

“ಈಗ ಏನ್ರೀ ಇದೆ? ಒಂದು ಗೆರೆ. ನಮ್ಮ ಕಚೇರಿ ಗೋಡೆ ಇದಕ್ಕಿಂತ ಕೆಟ್ಟದಾಗಿದೆ,” ಎಂದರು ದೊಡ್ಡ ಸಾಹೇಬರು. “ಬರ್ಕೊಳ್ಳಿ. ಸಮರ್ಪಕವಾಗಿ ದುರಸ್ತಿಯಾಗಿದೆ.”

ಇನ್ಸ್‌ಪೆಕ್ಟರ್ ಬರೆಯತೊಡಗಿದರು. ಅಂಥ ನಿಧಾನದ ಕೈಬರಹವನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಪೆನ್ನು ನಿಂತಿತು, ಅಲ್ಲಾಡಿಸಿದರು. ಕುಡಿಯಲು ನೀರು ಕೇಳಿದರು. ಅಷ್ಟರಲ್ಲಿ ಎಂಜಿನಿಯರರ ತೋಳು ಸೋತು ಡಬಲ್ ಬೆಡ್‌ಶೀಟ್ ಮೆಲ್ಲಗೆ ಜಗ್ಗಿತು. ಗೋಡೆಯ ಕೆಳಗಿನಿಂದ ಬಿರುಕು ಒಂದಡಿ ಮೇಲೆದ್ದಿತು.

“ಎತ್ತಿ ಸಾರ್!” ಎಂದು ಹೆಂಡತಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ನನಗೆ ಭುಜದ ನೋವಿದೆ!”

“ನಿಮ್ಮ ಹಾಲ್‌ಗೆ ಇಟ್ಟಿಗೆ ಬರುತ್ತೆ!”

ಬೆಡ್‌ಶೀಟ್ ಮೇಲೆದ್ದಿತು. ಬಿರುಕು ಮತ್ತೆ ಇಂಗಿತು. ಎಪ್ಪತ್ತೊಂದು ವರ್ಷದ ಮಾವ ಬಟ್ಟೆಯನ್ನು ಒಂದಿಂಚೂ ಇಳಿಸದೆ, ತಮ್ಮ ಗೋಡೆಯನ್ನೇ ನೋಡುತ್ತಾ ನಿಂತಿದ್ದರು. ಅವರನ್ನು ನೋಡಿ ನನಗೆ ಸಂಕಟವಾಯಿತು. ಈ ಮನೆ ಒಂದು ಉಳಿದರೆ ಸಾಕು, ಇನ್ನು ಜನ್ಮದಲ್ಲಿ ನೆರಳಿನ ಸಹವಾಸ ಬೇಡ ಎಂದು ಮನಸ್ಸಿನಲ್ಲೇ ಕೈ ಮುಗಿದೆ.

“ದುರಸ್ತಿ ಮಾಡಿದ ಮೇಸ್ತ್ರಿಯ ಹೆಸರು?” ಎಂದರು ಇನ್ಸ್‌ಪೆಕ್ಟರ್.

“ಏನು?”

“ಫಾರಂನಲ್ಲಿ ಕಾಲಂ ಇದೆ. ಗಾರೆ ಕೆಲಸ ಮಾಡಿದವರ ಹೆಸರು, ಸಹಿ. ಅದಿಲ್ದೆ ಸಾಹೇಬ್ರು ಸಹಿ ಹಾಕಲ್ಲ.”

ಮೇಸ್ತ್ರಿ ಯಾರೂ ಇಲ್ಲ, ಬಿರುಕೂ ಇಲ್ಲ, ಎಲ್ಲವೂ ನನ್ನ ಬೆಳಕಿನ ಕೈಚಳಕ ಎಂದು ಕೂಗಿ ಹೇಳಬೇಕೆನ್ನಿಸಿತು. ನನ್ನ ಬಾಳಿನ ಒಂದೇ ಒಂದು ಒಳ್ಳೆಯ ಶಾಟ್ ಸರ್ಕಾರಿ ದಾಖಲೆಯಲ್ಲಿ ನಿಜವಾದ ಬಿರುಕಾಗಿ, ಅದನ್ನು ಅಳಿಸಿದ್ದು ಗಾರೆ ಕೆಲಸವಾಗಿ ಉಳಿಯುವುದೆಂದರೆ ನನಗೆ ನಿಜಕ್ಕೂ ದುಃಖವಾಯಿತು. ಆದರೆ ರಸ್ತೆಯಲ್ಲಿ ಐದು ಜನರ ಹತ್ತು ತೋಳು ನಡುಗುತ್ತಿದ್ದವು. ನಾನು ಪೆನ್ನು ತೆಗೆದುಕೊಂಡು ಆ ಕಾಲಂನಲ್ಲಿ ನನ್ನ ಹೆಸರು ಬರೆದು ಸಹಿ ಹಾಕಿದೆ.

“ಓಹೋ, ನೀವೇ ಮೇಸ್ತ್ರಿನಾ!” ಎಂದು ದೊಡ್ಡ ಸಾಹೇಬರು ಫಾರಂ ತೆಗೆದುಕೊಂಡರು. ಸಹಿ ಹಾಕಲು ಪೆನ್ನು ಊರಿದವರು ಏನೋ ನೆನಪಾಗಿ ತಲೆಯೆತ್ತಿದರು. ಸಹಿ ಇನ್ನೂ ಬಿದ್ದಿರಲಿಲ್ಲ. “ಏಳು ದಿನದಲ್ಲಿ ಇಂಥ ಫಿನಿಶಿಂಗ್ ನಾನು ನೋಡೇ ಇಲ್ಲ ಕಣ್ರೀ. ನಮ್ಮನೇಲೂ ಒಂದು ಗೋಡೆ ಬಿರುಕು ಬಿಟ್ಟಿದೆ. ಯಾರನ್ನ ಕರೆಸಿದ್ರೂ ಸರಿಹೋಗ್ತಿಲ್ಲ. ಭಾನುವಾರ ಬಂದು ನೋಡ್ತೀರಾ?”

ಹಿಂದಿನಿಂದ ಹೆಂಡತಿ ನನ್ನ ಬೆನ್ನು ಚಿವುಟಿದಳು. ಇಸ್ತ್ರಿಯವನ ಥರ್ಮಾಕೋಲ್ ಗಾಳಿಗೆ ಅಲುಗಾಡಿತು. ನಾನು ಕೈ ಮುಗಿದು, ವಿನಯದಿಂದ ಕೇಳಿದೆ:

“ಗೋಡೆ ಯಾವ ದಿಕ್ಕಿಗಿದೆ ಸಾರ್?”